ಗೆರೆಗೆ ಕೊಡುವ ದುಡ್ಡು: ನಮ್ಮ ಮನೆಗಳಿಗೆ ಟಿವಿ ಬಂದ ದಾರಿ

ಹಬ್ಬ ಹತ್ತಿರ ಬಂದರೆ ಬಂಗಾರಪೇಟೆಯ ಟಿವಿ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ. ‘ಅಣ್ಣಾ, ಇದು ಬರೀ ಎಚ್‌ಡಿ ರೆಡಿ. ಇನ್ನೊಂದ್ ಸ್ವಲ್ಪ ಹಾಕಿದ್ರೆ ಫೋರ್‌ಕೆ ಬರುತ್ತೆ, ನೋಡಿ.’ ಆ ‘ಇನ್ನೊಂದ್ ಸ್ವಲ್ಪ’ ಅನ್ನುವುದು ಎಂಟು ಸಾವಿರವೋ ಹತ್ತು ಸಾವಿರವೋ ಆಗಿರುತ್ತದೆ. ಕತ್ತಲಿರುವಾಗಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವವರಿಗೆ ಇದು ಸಣ್ಣ ದುಡ್ಡಲ್ಲ. ಮಗುವಿನ ಸ್ಕೂಲ್ ಫೀಸಿನ ಒಂದು ಕಂತು ಅದರಲ್ಲಿ ಮುಗಿಯುತ್ತದೆ.

ಹಾಗಾದರೆ ಆ ಹೆಚ್ಚಿನ ದುಡ್ಡು ಕೊಡಬೇಕಾ, ಬೇಡವಾ? ಪ್ರಶ್ನೆ ಹೊಸದೇನಲ್ಲ. ಬ್ಲ್ಯಾಕ್ ಅಂಡ್ ವೈಟ್ ಸಾಕಾ, ಕಲರ್ ಬೇಕಾ ಎಂದು ನಮ್ಮ ಅಪ್ಪ ಅಮ್ಮಂದಿರು ಇದನ್ನೇ ಕೇಳಿಕೊಂಡಿದ್ದರು. ನಮ್ಮ ನಾಡಿಗೆ ಟಿವಿ ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿದರೆ ಇವತ್ತಿನ ಉತ್ತರ ಅಲ್ಲೇ ಸಿಗುತ್ತದೆ ಅನ್ನುವುದು ನಮ್ಮ ಅನಿಸಿಕೆ.

ಟಿವಿಗೂ ಮೊದಲು ಕರೆಂಟ್

ಕೆಜಿಎಫ್ ಜನ ಹೆಮ್ಮೆಯಿಂದ ಹೇಳುವ ಒಂದು ವಿಷಯವಿದೆ. ಕರೆಂಟ್ ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. ಅದು ನಿಜ. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1905ರ ಆಗಸ್ಟ್‌ನಲ್ಲಿ, ಮೂರು ವರ್ಷ ತಡವಾಗಿ.

ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತಿನಲ್ಲೇ ಅಪರೂಪದ ಕೆಲಸ. ದೂರ ಹೆಚ್ಚಾದಷ್ಟೂ ತಂತಿಯಲ್ಲೇ ಕರೆಂಟ್ ಸೋರಿಹೋಗುತ್ತದೆ. ಅದಕ್ಕೇ ಮೂವತ್ತು ಸಾವಿರ ವೋಲ್ಟಿಗೂ ಮೇಲೆ ಏರಿಸಿ ಕಳಿಸುವ ಏರ್ಪಾಡು ಮಾಡಿದರು. ಶಿವನಸಮುದ್ರದಲ್ಲಿ ಎಷ್ಟು ಹುಟ್ಟಿತು ಅನ್ನುವುದಕ್ಕಿಂತ ತಂತಿಯ ಈ ತುದಿಗೆ ಎಷ್ಟು ಬಂದು ಮುಟ್ಟಿತು ಅನ್ನುವುದೇ ಗಣಿ ಕಂಪನಿಗೆ ಮುಖ್ಯ. ಕೊಡುವ ದುಡ್ಡೆಲ್ಲ ಬಂದು ಮುಟ್ಟುವುದಕ್ಕೆ. ಟಿವಿ ವಿಷಯದಲ್ಲೂ ಇದೇ ಲೆಕ್ಕ ನಡೆಯುತ್ತದೆ. ಮುಂದೆ ಓದುವಾಗ ಇದೊಂದನ್ನು ನೆನಪಿಡಿ.

ಕಲಬುರಗಿ ಹಳ್ಳಿಗೆ ಮೊದಲು, ಬೆಂಗಳೂರಿಗೆ ಆಮೇಲೆ

ಕರೆಂಟಿನ ಹಾಗೆ ಟಿವಿಯಲ್ಲೂ ಬೆಂಗಳೂರು ಮೊದಲಲ್ಲ. ದೇಶದಲ್ಲಿ ಟಿವಿ ಪ್ರಸಾರ ಪ್ರಯೋಗವಾಗಿ ಶುರುವಾದದ್ದು ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಕರ್ನಾಟಕದ ಹಳ್ಳಿಗಳಿಗೆ ಅದು ಮುಟ್ಟಿದ್ದು 1975ರ ಆಗಸ್ಟ್ 1ರಂದು, ‘ಸೈಟ್’ ಎಂಬ ಉಪಗ್ರಹ ಪ್ರಯೋಗದ ಮೂಲಕ. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತು. ನಮ್ಮ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಿಸಿತು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು.

ಊರಿಗೆ ಒಂದೇ ಟಿವಿ. ಸ್ಕೂಲಿನಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇಟ್ಟಿರುತ್ತಿದ್ದರು. ಕೋಳಿ ಗೂಡಿಗೆ ಕಟ್ಟುವಂಥ ಜಾಲರಿಯಿಂದ ಮಾಡಿದ ಹತ್ತಡಿಯ ಡಿಶ್, ಕಪ್ಪು ಬಿಳುಪು ಚಿತ್ರ. ವ್ಯವಸಾಯ, ಆರೋಗ್ಯ, ಮಕ್ಕಳ ಪಾಠ, ಹಾಡು ಕುಣಿತ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಮುಂದೆ ಕೂತ ಮಕ್ಕಳಿಗೆ ಕಂಡ ಮುಖ ಹಿಂದೆ ನಿಂತ ದೊಡ್ಡವರಿಗೆ ಅಷ್ಟು ಸ್ಪಷ್ಟವಾಗಿ ಕಾಣುವುದು ಸಾಧ್ಯವಿರಲಿಲ್ಲ. ಆದರೂ ಜನ ಕೂತು ನೋಡಿದರು, ಏಕೆಂದರೆ ಬರುತ್ತಿದ್ದದ್ದು ತಮ್ಮ ಭಾಷೆಯಲ್ಲಿ, ತಮ್ಮ ಕೆಲಸದ ಬಗ್ಗೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುವರ್ಷ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಗೋಪುರ ಬಂತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗುವಷ್ಟರಲ್ಲಿ 1981ರ ನವೆಂಬರ್ 1 ಆಗಿತ್ತು. ಅಂದರೆ ಕಲಬುರಗಿಯ ಹಳ್ಳಿಯವರು ಟಿವಿ ನೋಡಿ ಆರು ವರ್ಷವಾದ ಮೇಲೆ.

ಕಲರ್ ಬಂತು, ಗೆರೆ ಒಂದೂ ಹೆಚ್ಚಲಿಲ್ಲ

ಇಲ್ಲಿ ‘ಗೆರೆ’ ಎಂದರೇನು ಎಂದು ಹೇಳಿಬಿಡಬೇಕು. ಟಿವಿ ಚಿತ್ರ ಎಂದರೆ ಒಂದರ ಕೆಳಗೊಂದು ಜೋಡಿಸಿದ ಸಣ್ಣ ಸಣ್ಣ ಅಡ್ಡಗೆರೆಗಳು. ಸೀರೆಯಲ್ಲಿ ನೂಲಿನ ಎಳೆ ಇದ್ದ ಹಾಗೆ. ಎಳೆ ಹೆಚ್ಚಿದ್ದಷ್ಟೂ ಹೆಣಿಗೆ ನಯ. ಭಾರತ ಮೊದಲಿಂದಲೂ ಆರಿಸಿಕೊಂಡದ್ದು 625 ಗೆರೆಗಳ ಪದ್ಧತಿ. ಅದರಲ್ಲಿ ಚಿತ್ರವಾಗಿ ಕಾಣುವುದು 576.

1982ರ ಆಗಸ್ಟ್ 15ರ ಸ್ವಾತಂತ್ರ್ಯ ದಿನಕ್ಕೆ ದೂರದರ್ಶನ ಬಣ್ಣದಲ್ಲಿ ಪ್ರಸಾರ ಶುರುಮಾಡಿತು. ಆ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟವನ್ನು ಬಣ್ಣದಲ್ಲಿ ತೋರಿಸಿತು. ಹೊರದೇಶದಿಂದ ಕಲರ್ ಸೆಟ್ ತರಿಸಲು ಸರ್ಕಾರ ಅವಕಾಶ ಕೊಟ್ಟಿತು. ನಮ್ಮ ದೇಶದ ಟಿವಿ ಚರಿತ್ರೆಯಲ್ಲಿ ಜನರ ಕಣ್ಣಿಗೆ ಹೊಡೆದಂತೆ ಕಂಡ ಬದಲಾವಣೆ ಅದೇ. ಆದರೆ ಒಂದು ಸಂಗತಿ ಗಮನಿಸಿ. 1982ರಲ್ಲಿ ಚಿತ್ರಕ್ಕೆ ಒಂದೇ ಒಂದು ಗೆರೆಯೂ ಹೆಚ್ಚಾಗಲಿಲ್ಲ. ಮೊದಲೂ 625, ಆಮೇಲೂ 625.

ಬಣ್ಣವನ್ನು ಎಲ್ಲರೂ ಬಯಸಿದ್ದಕ್ಕೆ ಕಾರಣ ಸರಳ. ಹತ್ತಡಿ ದೂರದಲ್ಲಿ ಕೂತರೂ ಬಣ್ಣ ಗೊತ್ತಾಗುತ್ತದೆ. ಬಾಗಿಲಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ಕಣ್ಣು ಮಂಜಾದ ಅಜ್ಜಿಗೂ ಗೊತ್ತಾಗುತ್ತದೆ.

ಇನ್ನೊಂದು ಅನುಕೂಲವೂ ಇತ್ತು. ಬಣ್ಣದ ಪ್ರಸಾರ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟಿನಲ್ಲೂ ಬರುತ್ತಿತ್ತು, ಕಪ್ಪು ಬಿಳುಪಾಗಿ. ಹಾಗಾಗಿ ದುಡ್ಡಿಲ್ಲದವರು ಕಾಯಲು ಸಾಧ್ಯವಾಯಿತು. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾದಾಗ ಬ್ಲ್ಯಾಕ್ ಅಂಡ್ ವೈಟ್ ಟಿವಿ ಮುಂದೆ ಕೂತವರು ಕಥೆಯಲ್ಲಿ ಏನನ್ನೂ ಕಳೆದುಕೊಳ್ಳಲಿಲ್ಲ. ಕಾದವರಿಗೆ ನಷ್ಟವಾಗಲಿಲ್ಲ ಅನ್ನುವುದು ಆ ಕಾಲದ ದೊಡ್ಡ ಪಾಠ.

ಕಾಯಲು ಆಗದವರಿಗೆ ಬಜಾರಿನಲ್ಲಿ ಬೇರೆ ಒಂದು ಸಾಮಾನು ಸಿಗುತ್ತಿತ್ತು. ಟಿವಿ ಮುಂದೆ ಸಿಕ್ಕಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ. ಮೇಲೆ ನೀಲಿ, ಕೆಳಗೆ ಹಸಿರು. ಆಕಾಶ ನೀಲಿ, ಹುಲ್ಲು ಹಸಿರು ಎಂಬ ಲೆಕ್ಕ. ವಾರ್ತೆ ಓದುವವರ ತಲೆ ನೀಲಿ, ಎದೆ ಹಸಿರಾಗಿ ಕಾಣುತ್ತಿತ್ತು, ಅಷ್ಟೇ. ನಗಬೇಡಿ, ಈಗಿನ ಅಂಗಡಿಯಲ್ಲೂ ಅಂಥ ಹಾಳೆ ಇದೆ. ಮುಂದೆ ಹೇಳುತ್ತೇವೆ.

ಆಂಟೆನಾದಿಂದ ಡಿಶ್‌ವರೆಗೆ

ಬಂಗಾರಪೇಟೆ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಟಿವಿ ಅಲೆ ನೇರವಾಗಿ ಸಾಗುತ್ತದೆ. ದೂರ ಹೆಚ್ಚಾದರೆ, ಗುಡ್ಡ ಅಡ್ಡ ಬಂದರೆ ಬಲ ಕಡಿಮೆಯಾಗುತ್ತದೆ. ಅದಕ್ಕೇ ಎತ್ತರದ ಪೈಪು, ತುದಿಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ, ಜೊತೆಗೊಂದು ಬೂಸ್ಟರ್. ಒಬ್ಬರು ಮಾಳಿಗೆ ಮೇಲೆ ಆಂಟೆನಾ ತಿರುಗಿಸಿದರೆ ಇನ್ನೊಬ್ಬರು ಕೆಳಗಿಂದ ‘ಬಂತು ಬಂತು, ಹೋಯ್ತು’ ಎಂದು ಕೂಗುವುದು. ನಿಲಯದಿಂದ 576 ಗೆರೆ ಹೊರಟರೂ ಇಲ್ಲಿಗೆ ಬರುತ್ತಿದ್ದದ್ದು ಅದರ ಮೇಲೆ ಅಕ್ಕಿ ಚೆಲ್ಲಿದಂಥ ಚುಕ್ಕಿ. ಎಂಥ ದುಬಾರಿ ಸೆಟ್ ತಂದಿಟ್ಟರೂ ಆ ಚುಕ್ಕಿ ಹೋಗುತ್ತಿರಲಿಲ್ಲ. ಆಂಟೆನಾ ಸರಿಮಾಡಿದರೆ ಹಳೇ ಸೆಟ್ಟೇ ಚೆನ್ನಾಗಿ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. 1993ರಲ್ಲಿ ಸನ್ ಟಿವಿ, 1994ರಲ್ಲಿ ಉದಯ ಟಿವಿ. ತಮಿಳು, ತೆಲುಗು, ಕನ್ನಡ ಮೂರೂ ಮಾತಾಡುವ ನಮ್ಮ ಕಡೆಯ ಮನೆಗಳಿಗೆ ಅದು ನಿಜವಾದ ಲಾಭ. ಚಿತ್ರದ ಗೆರೆ ಆಗಲೂ ಅಷ್ಟೇ. ಹೆಚ್ಚಾದದ್ದು ನೋಡುವ ಸಂಗತಿ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೂರಿಪ್ಪತ್ತು ವರ್ಷ ಊಟ ಕೊಟ್ಟ ಗಣಿ ನಿಂತುಹೋಯಿತು. ಗಣಿ ಸಂಬಳ ನಂಬಿದ್ದ ಮನೆಗಳಲ್ಲಿ ಹೊಸ ಟಿವಿ ಯೋಚನೆ ಹಿಂದಕ್ಕೆ ಸರಿಯಿತು. ಹಳೇ ಸೆಟ್ಟೇ ರಿಪೇರಿಯಾಗುತ್ತಾ ನಡೆಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ತಿಂಗಳ ಬಾಡಿಗೆ ಇಲ್ಲದ ಡಿಶ್ ಸೇವೆ ಶುರುವಾಯಿತು. ಈಗ ನಾವು ಡಿಡಿ ಫ್ರೀ ಡಿಶ್ ಎನ್ನುವುದು ಅದನ್ನೇ. ಒಂದು ಸಲ ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು.

ಆಮೇಲೆ ಕೇಬಲ್ ಕೂಡ ಡಿಜಿಟಲ್ ಆಗಬೇಕೆಂದು ಸರ್ಕಾರ ಕಾನೂನು ಮಾಡಿತು. ದೊಡ್ಡ ನಗರಗಳಲ್ಲಿ 2012ರಿಂದ ಶುರುವಾಗಿ, ಸಣ್ಣ ಊರು ಹಳ್ಳಿಗಳಿಗೆ 2017ರ ಮಾರ್ಚ್ 31 ಕೊನೆಯ ದಿನವಾಯಿತು. ಸೆಟ್ ಟಾಪ್ ಬಾಕ್ಸ್ ಇಟ್ಟಾಗ ಚುಕ್ಕಿ ಹೋಯಿತು, ಚಿತ್ರ ತಿಳಿಯಾಯಿತು. ಬಹಳ ಜನ ಅದನ್ನೇ ಎಚ್‌ಡಿ ಅಂದುಕೊಂಡರು. ಅಲ್ಲ. ಮಾಮೂಲಿ ಚಾನೆಲ್‌ಗೆ ಇವತ್ತಿಗೂ ಅದೇ 576 ಗೆರೆ. ಒಂದೇ ದಾರಿಯಲ್ಲಿ ಬಹಳ ಚಾನೆಲ್ ತುರುಕಿದರೆ ಕ್ರಿಕೆಟ್ ಬಾಲ್ ಓಡುವಾಗ ಚಿತ್ರ ಚೌಕ ಚೌಕವಾಗಿ ಒಡೆಯುವುದೂ ಉಂಟು.

ಜಪಾನಿನವರು ಅಳೆದ ದೂರ

ಹಾಗಾದರೆ ಗೆರೆ ಹೆಚ್ಚಿಸುವ ಯೋಚನೆ ಎಲ್ಲಿಂದ ಬಂತು? 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಇದರ ಸಂಶೋಧನೆಗೆ ಕೈಹಾಕಿತು. ಜನರನ್ನು ಪರದೆ ಮುಂದೆ ಕೂರಿಸಿ, ಎಷ್ಟು ದೂರದಿಂದ ಎಷ್ಟು ಗೆರೆ ಕಾಣುತ್ತದೆ ಎಂದು ಪರೀಕ್ಷೆ ಮಾಡಿದರು. ಅವರು ರೂಪಿಸಿದ 1125 ಗೆರೆಯ ಪದ್ಧತಿಯಿಂದಲೇ ಇವತ್ತಿನ ಎಚ್‌ಡಿ ಬೆಳೆದದ್ದು. ನಮ್ಮಲ್ಲಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ತೋರಿಸಿತು.

ಆ ಸಂಶೋಧನೆಯಿಂದ ನಮಗೆ ಬೇಕಾದದ್ದು ಒಂದೇ ಸೂತ್ರ. ಪರದೆಯ ಎತ್ತರವನ್ನು ಅಳೆಯಿರಿ.

ಎತ್ತರದ ಆರು ಪಟ್ಟು ದೂರದಲ್ಲಿ ಕೂತರೆ ಮಾಮೂಲಿ 576 ಗೆರೆಯೇ ಕಣ್ಣಿಗೆ ಸಾಕು.

ಮೂರು ಪಟ್ಟು ದೂರದಲ್ಲಿ ಕೂತರೆ 1080 ಗೆರೆಯ ಫುಲ್ ಎಚ್‌ಡಿ ಸಾಕು.

ಅದಕ್ಕಿಂತ ಹತ್ತಿರ ಹೋದರೆ ಮಾತ್ರ 2160 ಗೆರೆಯ ಫೋರ್‌ಕೆಯ ಹೆಚ್ಚುಗಾರಿಕೆ ಕಾಣಲು ಶುರುವಾಗುತ್ತದೆ. ಪೂರ್ತಿ ಕಾಣಬೇಕಾದರೆ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ಕೂರಬೇಕು.

ಇದನ್ನು ನಮ್ಮ ಅಳತೆಗೆ ತರೋಣ. 32 ಇಂಚಿನ ಟಿವಿಯ ಎತ್ತರ ಸುಮಾರು 16 ಇಂಚು. ಮೂರು ಪಟ್ಟು ಎಂದರೆ 4 ಅಡಿ. 43 ಇಂಚಿನದರ ಎತ್ತರ 21 ಇಂಚು, ಮೂರು ಪಟ್ಟು ಐದು ಕಾಲು ಅಡಿ. 55 ಇಂಚಿನದರ ಎತ್ತರ 27 ಇಂಚು, ಮೂರು ಪಟ್ಟು ಆರೂ ಮುಕ್ಕಾಲು ಅಡಿ. ನಿಮ್ಮ ಮನೆಯಲ್ಲಿ ಗೋಡೆಯಿಂದ ಮಂಚಕ್ಕೆ ಎಂಟು ಅಡಿ ಇದ್ದರೆ, 55 ಇಂಚಿನ ಟಿವಿಯಲ್ಲೂ ಫುಲ್ ಎಚ್‌ಡಿಗೂ ಫೋರ್‌ಕೆಗೂ ಗೆರೆಯ ವ್ಯತ್ಯಾಸ ಆರೋಗ್ಯವಾದ ಕಣ್ಣಿಗೂ ಸಿಗುವುದು ಕಷ್ಟ. 43 ಇಂಚಿನದರಲ್ಲಿ ಕೇಳುವುದೇ ಬೇಡ.

ಅಂಗಡಿಯಲ್ಲಿ ಯಾಕೆ ಅಷ್ಟು ಚೆನ್ನಾಗಿ ಕಾಣುತ್ತದೆ? ಅಲ್ಲಿ ನಾವು ಎರಡಡಿ ದೂರದಲ್ಲಿ ನಿಂತಿರುತ್ತೇವೆ. ಹಾಕಿರುವುದು ಕಂಪನಿಯೇ ಕೊಟ್ಟ ಫೋರ್‌ಕೆ ವಿಡಿಯೊ. ಬೆಳಕು, ಬಣ್ಣ ಎರಡನ್ನೂ ತುದಿಗೆ ಏರಿಸಿರುತ್ತಾರೆ.

ಬರುವುದು ಎಷ್ಟು?

ಈಗ ತಂತಿಯ ತುದಿಯ ಪ್ರಶ್ನೆಗೆ ಬರೋಣ. ನಿಮ್ಮ ಮನೆಗೆ ಬರುತ್ತಿರುವ ಚಿತ್ರ ಯಾವುದು?

ಫ್ರೀ ಡಿಶ್ ಇದ್ದರೆ ಬರುವುದು ಹೆಚ್ಚಿನ ಮಟ್ಟಿಗೆ 576 ಗೆರೆ. ಕೇಬಲ್‌ನ ಮಾಮೂಲಿ ಪ್ಯಾಕಿನಲ್ಲೂ ಅಷ್ಟೇ. ಎಚ್‌ಡಿ ಬಾಕ್ಸ್ ಇಟ್ಟು ಎಚ್‌ಡಿ ಪ್ಯಾಕಿಗೆ ದುಡ್ಡು ಕಟ್ಟಿದರೆ 1080. ಕನ್ನಡದ ಕೆಲವು ಮನರಂಜನೆ ಚಾನೆಲ್ಲುಗಳು ಹಾಗೆ ಸಿಗುತ್ತವೆ. ಕನ್ನಡದ ದಿನನಿತ್ಯದ ಧಾರಾವಾಹಿ, ವಾರ್ತೆಗೆ ಫೋರ್‌ಕೆ ಬೇಕಾಗಿಯೇ ಇಲ್ಲ. ಫೋರ್‌ಕೆ ಟಿವಿ ಆ 576 ಗೆರೆಯನ್ನು ಎಳೆದು 2160 ಗೆರೆಗೆ ಹಾಸುತ್ತದೆ. ಒಂದು ಸೇರು ಮಜ್ಜಿಗೆಗೆ ಮೂರು ಸೇರು ನೀರು ಬೆರೆಸಿದ ಹಾಗೆ. ಪಾತ್ರೆ ತುಂಬುತ್ತದೆ, ಮಜ್ಜಿಗೆ ಅಷ್ಟೇ ಇರುತ್ತದೆ.

ಫೋರ್‌ಕೆ ಬರುವುದು ಮುಖ್ಯವಾಗಿ ಇಂಟರ್‌ನೆಟ್ಟಿನಿಂದ. ಯೂಟ್ಯೂಬಿನಲ್ಲಿ ಇದೆ, ಒಟಿಟಿಗಳಲ್ಲಿ ಇದೆ, 2023ರ ಐಪಿಎಲ್ ಕೂಡ ಮೊಬೈಲ್ ಆ್ಯಪಿನ ಮೂಲಕ ಫೋರ್‌ಕೆಯಲ್ಲಿ ಬಂತು. ಆದರೆ ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಫೋರ್‌ಕೆ ಒಂದು ಗಂಟೆಗೆ ಸುಮಾರು 7 ಜಿಬಿ ತಿನ್ನುತ್ತದೆ. ಎಚ್‌ಡಿಯಾದರೆ 3 ಜಿಬಿ. ಎರಡೂವರೆ ಗಂಟೆಯ ಒಂದು ಸಿನಿಮಾಗೆ 17 ಜಿಬಿ ದಾಟಿತು. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಹಾಕಿಸಿ ಹಾಟ್‌ಸ್ಪಾಟ್‌ನಿಂದ ಟಿವಿ ನೋಡುವ ಮನೆಗೆ ಇದು ಆಗುವ ಮಾತಲ್ಲ. ಮನೆಗೆ ಫೈಬರ್ ಲೈನ್ ಬಂದಿದ್ದರೆ ಲೆಕ್ಕ ಬೇರೆ.

ದುಡ್ಡು ಎಲ್ಲಿ ಹಾಕಬೇಕು

ಈ ಚರಿತ್ರೆಯಿಂದ ನಾವು ಕಲಿತದ್ದನ್ನು ಬಿಡಿಸಿ ಹೇಳುತ್ತೇವೆ.

ಮೊದಲು ಮನೆಯಲ್ಲಿ ಹಗ್ಗ ಹಿಡಿದು ಗೋಡೆಯಿಂದ ಕೂರುವ ಜಾಗಕ್ಕೆ ಅಳೆಯಿರಿ. ಆ ಹಗ್ಗ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅಷ್ಟೇ ದೂರ ನಿಂತು ನೋಡಿ. ‘ಅಣ್ಣಾ, ಆ ವಿಡಿಯೊ ತೆಗೆದು ಮಾಮೂಲಿ ಚಂದನ ಹಾಕಿ’ ಎನ್ನಿ. ಎರಡು ಟಿವಿಗೂ ಅದೇ ಚಾನೆಲ್ ಹಾಕಿಸಿ. ಆಮೇಲೂ ವ್ಯತ್ಯಾಸ ಕಂಡರೆ ದುಡ್ಡು ಕೊಡಿ.

32 ಇಂಚು ಕೊಳ್ಳುವವರು ಆರು ಅಡಿಗಿಂತ ದೂರ ಕೂರುವುದಾದರೆ 768 ಗೆರೆಯ ಎಚ್‌ಡಿ ರೆಡಿಯೇ ಸಾಕು. ಈ ‘ಎಚ್‌ಡಿ ರೆಡಿ’ ಎಂಬ ಚೀಟಿ 2005ರಲ್ಲಿ ಯುರೋಪಿನ ತಯಾರಕರ ಸಂಘ ಶುರುಮಾಡಿದ್ದು. ಎಚ್‌ಡಿ ಸಿಗ್ನಲ್ ತೆಗೆದುಕೊಳ್ಳುತ್ತದೆ, ಕನಿಷ್ಠ 720 ಗೆರೆ ಇದೆ ಎಂಬುದಷ್ಟೇ ಅದರ ಅರ್ಥ. ಫುಲ್ ಎಚ್‌ಡಿ ಎಂದಲ್ಲ.

‘ಫೋರ್‌ಕೆ ಸಪೋರ್ಟ್’ ಎಂದು ಬರೆದ ಪೆಟ್ಟಿಗೆ ಕಂಡರೆ ಆ ನೀಲಿ ಹಸಿರು ಪ್ಲಾಸ್ಟಿಕ್ ಹಾಳೆ ನೆನಪಿಸಿಕೊಳ್ಳಿ. ಸಪೋರ್ಟ್ ಎಂದರೆ ಫೋರ್‌ಕೆ ವಿಡಿಯೊ ಒಳಗೆ ಬಿಟ್ಟುಕೊಳ್ಳುತ್ತದೆ, ತೋರಿಸುವುದು ಕಡಿಮೆ ಗೆರೆಯಲ್ಲೇ ಆಗಿರಬಹುದು. ಪೆಟ್ಟಿಗೆ ಮೇಲೆ 3840 x 2160 ಎಂಬ ಅಂಕಿ ಇದ್ದರೆ ಮಾತ್ರ ಅದು ಫೋರ್‌ಕೆ. ಫುಲ್ ಎಚ್‌ಡಿಗೆ 1920 x 1080. ಎಚ್‌ಡಿ ರೆಡಿಗೆ ಸಾಮಾನ್ಯವಾಗಿ 1366 x 768.

ದೊಡ್ಡ ಟಿವಿ ಬೇಕೆನ್ನುವವರಿಗೆ ಒಂದು ಮಾತು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ ಶೇ 18 ಆಗಿದೆ. ಈಗ 55 ಇಂಚಿನಂಥ ದೊಡ್ಡ ಟಿವಿಗಳು ಹೆಚ್ಚಾಗಿ ಫೋರ್‌ಕೆಯಲ್ಲೇ ಬರುತ್ತವೆ. ಅಲ್ಲಿ ಬೇಡ ಎಂದು ಹಟ ಹಿಡಿಯುವ ಅಗತ್ಯವಿಲ್ಲ. ಆದರೆ ನೀವು ದುಡ್ಡು ಕೊಡುತ್ತಿರುವುದು ಗಾತ್ರಕ್ಕೆ, ಗೆರೆಗಲ್ಲ ಎಂದು ಗೊತ್ತಿದ್ದರೆ ಸಾಕು. ಫೈಬರ್ ಇದೆ, ಆರು ಅಡಿಯೊಳಗೆ ಕೂರುತ್ತೀರಿ, ಮಕ್ಕಳು ಯೂಟ್ಯೂಬಿನಲ್ಲೇ ಪಾಠ ನೋಡುತ್ತಾರೆ ಎಂದಾದರೆ 55 ಇಂಚಿನ ಫೋರ್‌ಕೆ ದುಡ್ಡಿಗೆ ಬೆಲೆ ಇದೆ.

ಉಳಿದವರು ಆ ಎಂಟು ಸಾವಿರವನ್ನು 1982ರ ಪಾಠದಂತೆ ದೂರದಿಂದಲೂ ಗೊತ್ತಾಗುವ ಕಡೆ ಹಾಕಿ. ಕಪ್ಪು ನಿಜವಾಗಿ ಕಪ್ಪಾಗಿ ಕಾಣುವ ಪರದೆ ನೋಡಿ. 2018ರಲ್ಲಿ ಬಂದ ‘ಕೆಜಿಎಫ್’ ಸಿನಿಮಾ ನಮ್ಮೂರ ಹೆಸರಿನದು, ಬಹುಪಾಲು ಮಸಿ ಬಳಿದಂಥ ಕತ್ತಲೆಯ ಚಿತ್ರ. ಕಪ್ಪನ್ನು ಬೂದಿ ಮಾಡುವ ಅಗ್ಗದ ಪರದೆಯಲ್ಲಿ ಎಷ್ಟು ಗೆರೆ ಇದ್ದರೂ ಅದು ಚೆನ್ನಾಗಿ ಕಾಣದು. ಧ್ವನಿ ಕೇಳಿ ನೋಡಿ, ತೆಳ್ಳನೆಯ ಟಿವಿಗಳಲ್ಲಿ ಮಾತು ಅಸ್ಪಷ್ಟವಾಗುತ್ತದೆ, ವಯಸ್ಸಾದವರಿಗೆ ಅದೇ ದೊಡ್ಡ ತೊಂದರೆ. ರಿಪೇರಿಗೆ ಹತ್ತಿರದಲ್ಲಿ ಸರ್ವೀಸ್ ಇದೆಯಾ ಕೇಳಿ. ಕರೆಂಟ್ ಹೋಗಿ ಬರುವ ಕಡೆ ಒಂದು ಸ್ಟೆಬಿಲೈಜರ್‌ಗೆ ದುಡ್ಡು ಎತ್ತಿಡಿ.

ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರಿಗೆ ಚಿತ್ರ ಮಂಜಾಗಿ ಕಾಣುತ್ತಿದೆ ಎಂಬ ಕಾರಣಕ್ಕೆ ಟಿವಿ ಬದಲಿಸಲು ಹೊರಟಿದ್ದರೆ ಒಂದು ದಿನ ತಡೆಯಿರಿ. ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ. ಪೊರೆ ಬಂದ ಕಣ್ಣಿಗೆ 576 ಗೆರೆಯೂ ಒಂದೇ, 2160 ಗೆರೆಯೂ ಒಂದೇ. ಪೊರೆ ತೆಗೆಸಿದ ಮೇಲೆ ಹಳೇ ಟಿವಿಯೇ ಅವರಿಗೆ ಹೊಸದಾಗಿ ಕಂಡೀತು.